ಹಸಿವು ಬಾರದ ಮನೆ

೯ ಜನವರಿ

ಪುಟ್ಟಿಗೆ,

ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ನೇರ ವಿಷಯಕ್ಕೇ ಬರುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಮನೆ ಇರುವುದೇ ಎರಡು ಕೋಣೆ, ಕಾಯಿಲೆ ಬಿದ್ದ ಮೇಲೆ ನಿಮ್ಮಣ್ಣನ ಕಿವಿ ಇನ್ನೂ ಚುರುಕಾಗಿದೆ. ತನ್ನ ವಿಷಯ ಯಾರ ಹತ್ತಿರವೂ ಆಡಕೂಡದು ಎಂದು ಬೇರೆ ಕಟ್ಟಪ್ಪಣೆ ಮಾಡಿದ್ದಾರೆ. ಅದಕ್ಕೇ ಹೊಲಿಗೆ ಅಂಗಡಿಯಲ್ಲಿ, ಇಸ್ತ್ರಿ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಗಡ್ಡೆಯ ಜೊತೆ ಜಠರವನ್ನೇ ತೆಗೆದದ್ದು ನಿನಗೆ ಗೊತ್ತೇ ಇದೆ. ಈಗ ಗಡ್ಡೆಯ ಅಂಶ ಎಲ್ಲೂ ಉಳಿದಿಲ್ಲವಂತೆ. ಡಾಕ್ಟರು ನನ್ನನ್ನು ಹೊರಗೆ ಕರೆದು, 'ಇವರು ತಿಂದ್ರೆ ಬದುಕ್ತಾರಮ್ಮ. ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ತಿನ್ಬೇಕು, ಅಷ್ಟೇ' ಎಂದರು. ಆ ಅಷ್ಟೇ ಎನ್ನುವುದೇ ನಮ್ಮ ಮನೆಯಲ್ಲಿ ನಡೆಯುತ್ತಿಲ್ಲ. ಅವರಿಗೆ ಹಸಿವೇ ಆಗುವುದಿಲ್ಲ. ಬೆಳಗ್ಗೆ ಕೊಟ್ಟ ಮೊಟ್ಟೆ ಮಧ್ಯಾಹ್ನ ನಾನು ಬರುವಾಗಲೂ ತಟ್ಟೆಯಲ್ಲೇ ಇರುತ್ತದೆ. ಕೇಳಿದರೆ, 'ಮರೆತೇ ಹೋಯ್ತು ಕಣೇ' ಎನ್ನುತ್ತಾರೆ.

ಊಟ ಮರೆಯುವ ಮನುಷ್ಯನೇ ಇವರು? ಲಿಫ್ಟಿನೊಳಗೆ 'ಆರು ಜನ' ಎಂದು ಬರೆದಿರುವುದು ನಿಮ್ಮಣ್ಣನನ್ನು ಬಿಟ್ಟು ಲೆಕ್ಕ ಎಂದು ಅವರ ಜೊತೆಯ ಲಿಫ್ಟ್ ಮೆಕ್ಯಾನಿಕ್‌ಗಳು ಆಡಿಕೊಳ್ಳುತ್ತಿದ್ದರು. ಎರಡು ಊಟ ಕಟ್ಟಿಸಿಕೊಂಡು ಹೋಗಿ, ಮೂರನೆಯದನ್ನು ಪಕ್ಕದವನ ಡಬ್ಬಿಯಿಂದ ಮುಗಿಸಿ ಬರುತ್ತಿದ್ದವರು. ಈಗ ಸಡಿಲವಾದ ಅವರ ಅಂಗಿಗಳ ಪಕ್ಕದ ಹೊಲಿಗೆ ಒಳಗೆ ಹಿಡಿದು ಹಿಡಿದು ನನಗೇ ಸಾಕಾಗಿದೆ. ಅವರಿಗೆ ಗೊತ್ತಾಗದ ಹಾಗೆ ಹಿಡಿಯುತ್ತೇನೆ.

ಡಾಕ್ಟರು ಎರಡು ದಾರಿ ಹೇಳಿದ್ದಾರೆ. ಒಂದು, ಕರುಳಿಗೆ ನಳಿಕೆ ಹಾಕಿ ಅದರಲ್ಲೇ ಆಹಾರ ಬಿಡುವುದು. ಇನ್ನೊಂದು, ಹಸಿವು ತರಿಸುವ ಹೊಸ ಇಂಜೆಕ್ಷನ್. ಅದನ್ನು ಈ ಆಸ್ಪತ್ರೆಯಲ್ಲಿ ಕೆಲವರಿಗೆ ಕೊಟ್ಟು ನೋಡುತ್ತಿದ್ದಾರೆ. ನಳಿಕೆ ಎಂದರೆ ನಿಮ್ಮಣ್ಣ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ನೀನು ನಿನ್ನ ಲ್ಯಾಬಿನಲ್ಲಿ ಇದೇ ಹಸಿವಿನ ವಿಷಯ ಇಟ್ಟುಕೊಂಡು ಅಲ್ಲವೇ ಇಷ್ಟು ವರ್ಷದಿಂದ ಒದ್ದಾಡುತ್ತಿರುವುದು? ಇಂಜೆಕ್ಷನ್ ಇವರಿಗೆ ಹಿಡಿಯುತ್ತದೋ ಇಲ್ಲವೋ ಹೇಳು. ನೀನು ಹೇಳಿದಂತೆ ಮಾಡುತ್ತೇನೆ.

ನಿನ್ನ ಅತ್ತಿಗೆ

*

೨೧ ಜನವರಿ

ಪ್ರೀತಿಯ ಅತ್ತಿಗೆ,

ನಿಮ್ಮ ಪತ್ರ ನೋಡಿ ಎದೆ ಭಾರವಾಯಿತು, ಜೊತೆಗೆ ಸ್ವಲ್ಪ ಧೈರ್ಯವೂ ಬಂತು. ಜಗತ್ತಿನಲ್ಲಿ ನನಗೆ ಗೊತ್ತಿರುವುದು ಒಂದೇ ವಿಷಯ, ಅದೇ ಈಗ ಅಣ್ಣನಿಗೆ ಬೇಕಾಗಿದೆ.

ಹಸಿವಿನ ಹಾರ್ಮೋನು ಹುಟ್ಟುವುದು ಹೆಚ್ಚಾಗಿ ಜಠರದಲ್ಲಿ. ಹೊಟ್ಟೆ ಖಾಲಿಯಾದಾಗ ಅದು ರಕ್ತದಲ್ಲಿ ಹರಿದು ಮಿದುಳಿಗೆ ಹೋಗುತ್ತದೆ. ಅಲ್ಲಿಯ ಜೀವಕೋಶಗಳ ಮೇಲೆ ಅದನ್ನು ಹಿಡಿಯಲೆಂದೇ ರಿಸೆಪ್ಟರ್ ಎಂಬ ಪ್ರೋಟೀನು ಇರುತ್ತದೆ. ಹಾರ್ಮೋನು ಬಂದು ಕೂತರೆ ಜೀವಕೋಶದೊಳಗೆ ಸಂಕೇತ ಏಳುತ್ತದೆ, ನಮಗೆ ಹಸಿವಾಗುತ್ತದೆ. ಅಣ್ಣನ ಜಠರ ಹೋಯಿತು, ಸುದ್ದಿ ಕಳಿಸುವವರೇ ಇಲ್ಲದಂತಾಯಿತು. ಇಂಜೆಕ್ಷನ್ ಅದೇ ಸುದ್ದಿಯನ್ನು ಹೊರಗಿನಿಂದ ಕಳಿಸುತ್ತದೆ. ರಿಸೆಪ್ಟರ್ ಸರಿಯಾಗಿದ್ದರೆ ಕೆಲಸ ಆಗಲೇಬೇಕು.

ಅಣ್ಣನ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಕಳಿಸಲು ಆಸ್ಪತ್ರೆಯವರಿಗೆ ಹೇಳಿ. ಅದರಿಂದ ಅವನ ರಿಸೆಪ್ಟರಿನ ಜೀನ್ ತೆಗೆದು ನಮ್ಮ ಜೀವಕೋಶಗಳಲ್ಲಿ ಕೂರಿಸಿ, ಔಷಧಿ ಹಾಕಿ ನೋಡುತ್ತೇನೆ. ಸಂಕೇತ ಎದ್ದರೆ ಜೀವಕೋಶ ಹೊಳೆಯುತ್ತದೆ. ಕಣ್ಣಿಗೆ ಕಾಣುವ ಉತ್ತರ ಅದು.

ಅಮ್ಮ ಬಿಸ್ಕತ್ತಿನ ಡಬ್ಬವನ್ನು ಹೊಲಿಗೆ ಯಂತ್ರದ ಪೆಟ್ಟಿಗೆಯಲ್ಲಿ ಬಚ್ಚಿಟ್ಟರೂ ಹುಡುಕಿ ಮುಗಿಸುತ್ತಿದ್ದ ಹೊಟ್ಟೆಬಾಕ ಅವನು. ಅಂಥವನಿಗೆ ಹಸಿವು ತರಿಸುವುದು ಕಷ್ಟವೇ?

ನಿಮ್ಮ ಪುಟ್ಟಿ

*

೪ ಫೆಬ್ರುವರಿ

ಪುಟ್ಟಿಗೆ,

ರಕ್ತ ಕಳಿಸಿದ್ದೇನೆ. ನರ್ಸು ಸೂಜಿ ಚುಚ್ಚುವಾಗ ನಿಮ್ಮಣ್ಣ, 'ನಮ್ ಪುಟ್ಟಿಗಂತೆ. ಚಿಕ್ಕೋಳಿದ್ದಾಗ ಮಾತಲ್ಲೇ ರಕ್ತ ಹೀರ್ತಿದ್ಲು, ಈಗ ಕೊರಿಯರ್‌ನಲ್ಲಿ ತರಿಸ್ಕೋತಾಳೆ' ಎಂದರು. ತುಂಬ ದಿನದ ಮೇಲೆ ನಕ್ಕೆವು.

ಡಾಕ್ಟರು ನಿನ್ನ ಉತ್ತರ ಬರುವವರೆಗೆ ಕಾಯುತ್ತಾರಂತೆ. ಬೇಗ ನೋಡು.

ಅತ್ತಿಗೆ

*

೨೬ ಫೆಬ್ರುವರಿ

ಅತ್ತಿಗೆ, ಅತ್ತಿಗೆ, ಅತ್ತಿಗೆ,

ಹೊಳೆಯಿತು! ಅಣ್ಣನ ರಿಸೆಪ್ಟರಿಗೆ ಒಂದು ಕೊಂಕೂ ಇಲ್ಲ. ನಾವು ಯಾವಾಗಲೂ ಮಾಡುವ ಹಾಗೆಯೇ ಜೀವಕೋಶಗಳನ್ನು ತಯಾರು ಮಾಡಿ, ಔಷಧಿಯ ಹನಿ ಬಿಟ್ಟೆ. ಜೀವಕೋಶಗಳ ತಟ್ಟೆ ಪೂರ್ತಿ ಬೆಳಗಿತು. ಇಷ್ಟು ಚೆನ್ನಾಗಿ ಹೊಳೆದದ್ದನ್ನು ನಾನು ಈ ವರ್ಷ ನೋಡಿರಲಿಲ್ಲ. ಪಕ್ಕದ ಮೇಜಿನವರನ್ನೆಲ್ಲ ಕರೆದು ತೋರಿಸಿದೆ, ನಮ್ಮಣ್ಣ ನೋಡಿ ಎಂದು.

ಡಾಕ್ಟರಿಗೆ ವರದಿ ಕಳಿಸಿದ್ದೇನೆ. ನಳಿಕೆಯ ಮಾತೇ ಬೇಡ. ಇಂಜೆಕ್ಷನ್ ಶುರು ಮಾಡಲಿ. ಅಂಗಿಗಳ ಹೊಲಿಗೆಯನ್ನು ಗಟ್ಟಿಯಾಗಿ ಹಾಕಬೇಡಿ, ಬಿಚ್ಚುವ ಕಾಲ ಬರುತ್ತದೆ.

ನಿಮ್ಮ ಪುಟ್ಟಿ

*

೩೦ ಮಾರ್ಚ್

ಪುಟ್ಟಿಗೆ,

ಇಂಜೆಕ್ಷನ್ ನಾನೇ ಕೊಡುವುದನ್ನು ಕಲಿತಿದ್ದೇನೆ. ಬೆಳಗ್ಗೆ ಕೊಟ್ಟು, ಎದುರಿಗೆ ಬ್ರೆಡ್ಡು, ಸೂಪು, ಬೆಂದ ಮೊಟ್ಟೆ ಇಟ್ಟು, ಮುಖವನ್ನೇ ನೋಡುತ್ತ ಕೂರುತ್ತೇನೆ. ನಾನು ಹಾಗೆ ನೋಡಿದರೆ ಇದ್ದ ಹಸಿವೂ ಓಡಿ ಹೋಗುತ್ತದೆ ಎಂದು ಅವರ ಅಂಬೋಣ. ಸರಿ ಎಂದು ಎದ್ದು ಹೋದರೂ ತಟ್ಟೆ ಇಟ್ಟ ಹಾಗೆಯೇ ಇರುತ್ತದೆ.

'ಏನಾದ್ರೂ ಅನ್ಸುತ್ತಾ?' ಎಂದು ಕೇಳುತ್ತೇನೆ. 'ಏನೂ ಇಲ್ಲ' ಎನ್ನುತ್ತಾರೆ. ಕೋಪವಿಲ್ಲ, ಬೇಸರವಿಲ್ಲ, ಬಸ್ಸು ಬಂತಾ ಎಂದು ಕೇಳಿದರೆ ಬರಲಿಲ್ಲ ಎನ್ನುವ ಹಾಗೆ. ನಿನಗೆ ಬೇಜಾರಾಗಬಹುದೆಂದು ಇಷ್ಟು ದಿನ ಬರೆಯಲಿಲ್ಲ. ಈ ಔಷಧಿ ನಿಧಾನವಾಗಿ ಹಿಡಿಯುವಂಥದ್ದೇ? ಜೊತೆಯಲ್ಲಿ ಶುರು ಮಾಡಿದ ಇನ್ನೊಬ್ಬರು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ತಿನ್ನುವುದನ್ನು ನಾನೇ ಕಣ್ಣಾರೆ ನೋಡಿದೆ.

ಅತ್ತಿಗೆ

*

೮ ಏಪ್ರಿಲ್

ಅತ್ತಿಗೆ,

ನಿಧಾನವಾಗಿ ಹಿಡಿಯುವ ಔಷಧಿ ಅಲ್ಲ ಇದು. ಕೊಟ್ಟ ಸ್ವಲ್ಪ ಹೊತ್ತಿಗೇ ಹಸಿವಾಗಬೇಕು. ಅನುಮಾನಕ್ಕೆ ಎಡೆ ಇರಬಾರದೆಂದು ಅಣ್ಣನ ರಿಸೆಪ್ಟರನ್ನು ಮತ್ತೊಮ್ಮೆ ಪರೀಕ್ಷೆ ಮಾಡಿದೆ. ಮೊದಲಿನಷ್ಟೇ ಹೊಳೆಯಿತು.

ಆದ್ದರಿಂದ ಹೇಳಲೇಬೇಕಾದ ಮಾತು ಹೇಳುತ್ತೇನೆ. ಅಡ್ಡಿ ಇರುವುದು ಅವನ ದೇಹದಲ್ಲಿ ಅಲ್ಲ, ಮನಸ್ಸಿನಲ್ಲಿ. ಅವನ ಹಠ ನಿಮಗಿಂತ ಮೊದಲು ನೋಡಿದವಳು ನಾನು. ಕಾಲೇಜು ಬಿಡಿಸಿದರು ಎಂದು ಅಪ್ಪನ ಜೊತೆ ಒಂದು ಇಡೀ ಬೇಸಿಗೆ ಮಾತು ಬಿಟ್ಟಿದ್ದ. ಅಷ್ಟು ದಿನ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಈಗಲೂ ಯಾವುದನ್ನೋ ಮನಸ್ಸಿನಲ್ಲಿ ಇಟ್ಟುಕೊಂಡು ಕೂತಿದ್ದಾನೆ. ನೀವು ತೀರಾ ಮೆತ್ತಗಾಗಬೇಡಿ. ಗಟ್ಟಿಯಾಗಿ ಮಾತಾಡಿ.

ಮೇ ತಿಂಗಳಲ್ಲಿ ಒಂದು ದೊಡ್ಡ ಸಭೆ ಇದೆ, ಅಲ್ಲಿ ನಮ್ಮ ಈ ಪರೀಕ್ಷೆಯ ಬಗ್ಗೆ ಮಾತಾಡಬೇಕು. ಕೈ ತುಂಬ ಕೆಲಸ. ಸಭೆ ಮುಗಿದ ಕೂಡಲೇ ಬರುತ್ತೇನೆ.

ಪುಟ್ಟಿ

*

೧೯ ಏಪ್ರಿಲ್

ಪುಟ್ಟಿಗೆ,

ನೀನು ಹೇಳಿದ್ದು ನಿಜ. ನನಗೇ ಕಣ್ಣಿಗೆ ಮಂಕು ಕವಿದಿತ್ತು.

ಒಗೆಯಲು ಹಾಕುವ ಮೊದಲು ಜೇಬು ಹೊರಗೆ ತೆಗೆದು ನೋಡುವುದು ನನ್ನ ಕಸುಬಿನ ಅಭ್ಯಾಸ. ನಿಮ್ಮಣ್ಣನ ಪ್ಯಾಂಟಿನ ಎರಡೂ ಜೇಬಿನಲ್ಲಿ ಕರವಸ್ತ್ರದ ಗಂಟು. ಬಿಚ್ಚಿದರೆ ಅಗಿದು ಉಗಿದ ಬ್ರೆಡ್ಡು, ಮೊಟ್ಟೆ. ಎರಡು ವಾರದಿಂದ ತಟ್ಟೆ ಖಾಲಿಯಾಗುತ್ತಿತ್ತು, ನಾನು ಪೆದ್ದಿಯ ಹಾಗೆ ಬೀದಿಯವರಿಗೆಲ್ಲ ಈಗ ತಿನ್ನುತ್ತಾರೆ ಎಂದು ಹೇಳಿಕೊಂಡು ಬಂದಿದ್ದೆ. ನಿನಗೂ ಬರೆಯಬೇಕೆಂದಿದ್ದೆ.

ಗಂಟನ್ನು ಅವರ ಮುಂದೆ ಇಟ್ಟೆ. 'ನುಂಗಕ್ಕೆ ಆಗಲ್ಲ ಕಣೇ. ಬಾಯಿಗೆ ಬಟ್ಟೆ ತುರುಕಿದ ಹಾಗಾಗುತ್ತೆ. ನಿನಗೆ ಬೇಜಾರಾಗುತ್ತೆ ಅಂತ...' ಎಂದರು. ನಾನು ಮಾತು ಮುಗಿಸಲು ಬಿಡಲಿಲ್ಲ. ಪುಟ್ಟಿಯ ಪರೀಕ್ಷೆಯಲ್ಲಿ ಎಲ್ಲ ಗೊತ್ತಾಗಿದೆ, ನಿಮಗೆ ಹಸಿವಾಗುತ್ತೆ, ಬೇಕಂತಲೇ ಮಾಡ್ತಿದ್ದೀರಿ ಎಂದು ಕೂಗಾಡಿದೆ. ಅವರು ಗಂಟನ್ನು ಮತ್ತೆ ಕಟ್ಟಿ ಪಕ್ಕಕ್ಕಿಟ್ಟರು.

ಅವರು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಏನು ಎಂದು ನನಗೆ ಗೊತ್ತು. ಆಪರೇಷನ್ ಅವರಿಗೆ ಬೇಡವಾಗಿತ್ತು. 'ಇರೋಷ್ಟು ದಿನ ತಿಂದುಂಡು ಇರ್ತೀನಿ' ಎಂದಿದ್ದರು. ನಾನೇ ಅತ್ತು ಕರೆದು ಸಹಿ ಹಾಕಿಸಿದೆ. ಪೆನ್ನು ಹಿಡಿದು, 'ನಿನಗೋಸ್ಕರ' ಎಂದರು. ಈಗ ಅದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದಾರೆ. ನೀನು ಬದುಕಿಸಿದೆಯಲ್ಲ, ನೋಡು, ಹೇಗೆ ಸಾಯುತ್ತೇನೆ ಎಂದು ನನಗೆ ತೋರಿಸುತ್ತಿದ್ದಾರೆ. ಹೊಟ್ಟೆ ಉರಿಯುತ್ತದೆ ಪುಟ್ಟಿ. ಕೂಡಿ ಬಾಳಿದ ಮನುಷ್ಯ ನನ್ನ ಜೊತೆ ಬದುಕುವುದು ಬೇಡ ಎಂದು ದಿನಾ ತಟ್ಟೆ ದೂಡಿ ಹೇಳುತ್ತಿದ್ದಾರೆ.

ಡಾಕ್ಟರು ಮತ್ತೆ ನಳಿಕೆಯ ಮಾತೆತ್ತಿದ್ದಾರೆ. ತಡ ಮಾಡಿದರೆ ಅದನ್ನು ಹಾಕಲೂ ಶಕ್ತಿ ಇರುವುದಿಲ್ಲವಂತೆ. ಏನು ಮಾಡಲಿ?

ಅತ್ತಿಗೆ

*

೧ ಮೇ

ಅತ್ತಿಗೆ,

ನಾಳೆ ಹೊರಡಬೇಕು, ಚುಟುಕಾಗಿ ಬರೆಯುತ್ತೇನೆ. ನಳಿಕೆ ಈಗಲೇ ಬೇಡ. ತಿನ್ನಲು ಆಗುವವನಿಗೆ ನಳಿಕೆ ಹಾಕಿದರೆ ಅವನ ಹಠ ಗೆದ್ದಂತಾಗುತ್ತದೆ, ಆಮೇಲೆ ಬಾಯಿಯಿಂದ ತಿನ್ನುವುದೇ ಇಲ್ಲ. ಡಾಕ್ಟರ ಜೊತೆ ನಾನೇ ಮಾತಾಡಿದ್ದೇನೆ, ಒಂದಷ್ಟು ದಿನ ನೋಡೋಣ ಎಂದಿದ್ದಾರೆ.

ಬೇಡಿಕೊಳ್ಳುವುದನ್ನು ನಿಲ್ಲಿಸಿ. ಬೇಡಿಕೊಂಡಷ್ಟೂ ಅವನು ಬಿಗಿಯಾಗುತ್ತಾನೆ. ಮಾತು ಬಿಟ್ಟು ನೋಡಿ. ತಟ್ಟೆ ಇಡಿ, ಎದ್ದು ಹೋಗಿ. ಹಸಿವು ಎಂದು ಅವನೇ ಬಾಯಿ ಬಿಡುವವರೆಗೆ ಒಂದು ಮಾತೂ ಬೇಡ. ತಾನು ಮೌನ ಹಿಡಿಯಬಲ್ಲ, ಬೇರೆಯವರ ಮೌನವನ್ನು ಅವನು ತಡೆಯಲಾರ. ಆ ಬೇಸಿಗೆಯ ಕೊನೆಗೆ ಅಪ್ಪ ತಾವೂ ಮಾತು ಬಿಟ್ಟು ಅವನನ್ನು ಬಗ್ಗಿಸಿದ್ದು ಹಾಗೆಯೇ.

ಪುಟ್ಟಿ

*

೨೦ ಜೂನ್

ಅತ್ತಿಗೆ,

ಇಲ್ಲಿಗೆ ವಾಪಸ್ ಬಂದು ತಲುಪಿದೆ. ನನ್ನ ರೂಮಿನ ಬಾಗಿಲು ತೆಗೆದಾಗ ಅಣ್ಣ ಇಲ್ಲ ಎಂಬುದು ಮತ್ತೆ ಹೊಸದಾಗಿ ಗೊತ್ತಾದ ಹಾಗಾಯಿತು. ಸಭೆಯಿಂದ ನೇರವಾಗಿ ನಿಮ್ಮಲ್ಲಿಗೆ ಬಂದಿದ್ದರೆ ಒಂದು ಸಲ ನೋಡಬಹುದಿತ್ತು. ಬರುತ್ತೇನೆ, ಬರುತ್ತೇನೆ ಎಂದುಕೊಂಡೇ ಇಷ್ಟು ಹೊತ್ತು ಮಾಡಿದೆ.

ಮನೆಯಲ್ಲಿದ್ದ ಎರಡು ದಿನವೂ ನೀವು ನನ್ನ ಮುಖ ನೋಡಲಿಲ್ಲ. ಹೊರಡುವಾಗ ಬಾಗಿಲಲ್ಲಿ, 'ನೀವು ಹೊರಡಿ, ಬಸ್ಸಿಗೆ ಹೊತ್ತಾಗುತ್ತೆ' ಎಂದಿರಿ. ಈ ಮನೆಗೆ ಬಂದಾಗಿನಿಂದ ನೀವು ನನ್ನನ್ನು ನೀವು ಎಂದದ್ದು ಅದೇ ಮೊದಲು. ದುಃಖದಲ್ಲಿ ಬಂದ ಮಾತು ಎಂದುಕೊಂಡಿದ್ದೇನೆ.

ಅತ್ತಿಗೆ, ನೀವು ಮಾಡಬೇಕಾದ್ದನ್ನೆಲ್ಲ ಮಾಡಿದಿರಿ. ಅವನಿಗೇ ಬದುಕುವ ಮನಸ್ಸಿರಲಿಲ್ಲ. ನನಗೂ ಅವನ ಮೇಲೆ ಸಿಟ್ಟಿದೆ. ಆ ಸಿಟ್ಟು ಇರುವುದರಿಂದಲೇ ಅಳು ತಡೆದುಕೊಂಡಿದ್ದೇನೆ.

ಪುಟ್ಟಿ

*

೧೭ ಆಗಸ್ಟ್

ಅತ್ತಿಗೆ,

ಉತ್ತರಕ್ಕೆ ಕಾದು ಕಾದು ಸಾಕಾಯಿತು. ಫೋನೂ ಎತ್ತುವುದಿಲ್ಲ. ಅಂಗಡಿಯ ಪಕ್ಕದ ಬೀಗ ರಿಪೇರಿಯವನಿಗೆ ಫೋನ್ ಮಾಡಿದೆ. 'ಚೆನ್ನಾಗಿದ್ದಾರೆ, ಮಿಷನ್ ಓಡ್ತಾನೇ ಇರುತ್ತೆ' ಎಂದ. ಒಂದು ಸಾಲು ಬರೆಯಿರಿ, ಬೈದಾದರೂ ಬರೆಯಿರಿ.

ಪುಟ್ಟಿ

*

೫ ಅಕ್ಟೋಬರ್

ಅತ್ತಿಗೆ,

ಈ ಪತ್ರವನ್ನು ಎಷ್ಟೋ ಸಲ ಹರಿದು ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ರಿಸೆಪ್ಟರ್ ತಾನೊಂದೇ ಕೆಲಸ ಮಾಡಲಾರದು. ಅದರ ಪಕ್ಕದಲ್ಲಿ ಒಂದು ಚಿಕ್ಕ ಸಹಾಯಕ ಪ್ರೋಟೀನು ನಿಂತಿರುತ್ತದೆ. ಅದು ಹಾರ್ಮೋನನ್ನು ಮುಟ್ಟುವುದೂ ಇಲ್ಲ. ಆದರೆ ಅದು ಪಕ್ಕದಲ್ಲಿ ಇಲ್ಲದಿದ್ದರೆ, ಹಾರ್ಮೋನು ಎಷ್ಟು ಬಂದು ಕೂತರೂ ಒಳಗೆ ಸಂಕೇತ ಸರಿಯಾಗಿ ಏಳುವುದಿಲ್ಲ. ನಿಮ್ಮ ಯಂತ್ರದಲ್ಲಿ ಕೆಳಗೆ ಬಾಬಿನ್ನಿನ ದಾರ ಇಲ್ಲದೆ ಮೇಲಿನ ಸೂಜಿ ಮಾತ್ರ ಓಡಿದ ಹಾಗೆ.

ಲ್ಯಾಬಿನಲ್ಲಿ ಬೆಳೆಸುವ ಜೀವಕೋಶಗಳಲ್ಲಿ ಈ ಸಹಾಯಕ ಇರುವುದಿಲ್ಲ. ಅದಿಲ್ಲದಿದ್ದರೆ ತಟ್ಟೆ ಮಂಕಾಗಿ ಕಾಣುತ್ತದೆ, ಅಳತೆ ಸಿಗುವುದಿಲ್ಲ. ಅದಕ್ಕೆ ನಾವು ನಮ್ಮ ಫ್ರಿಜ್ಜಿನಲ್ಲಿರುವ ಸಹಾಯಕದ ಜೀನನ್ನು ಪ್ರತಿ ತಟ್ಟೆಗೂ ಒಂದು ಹನಿ ಹಾಕುತ್ತೇವೆ. ನನಗೆ ಕಲಿಸಿದವರು ಹಾಕುತ್ತಿದ್ದರು, ನಾನೂ ಹಾಕಿದೆ. ಸಾರಿಗೆ ಉಪ್ಪು ಹಾಕುವವರು ಯಾಕೆ ಎಂದು ಕೇಳುವುದಿಲ್ಲವಲ್ಲ, ಹಾಗೆ. ಅಣ್ಣನ ತಟ್ಟೆಗೂ ಹಾಕಿದೆ. ಎರಡು ಸಲವೂ.

ಅಂದರೆ ನಾನು ಪರೀಕ್ಷೆ ಮಾಡಿದ್ದು ಅಣ್ಣನ ರಿಸೆಪ್ಟರನ್ನು, ಪಕ್ಕದಲ್ಲಿ ಯಾರೋ ಗುರುತಿಲ್ಲದವರ ಸಹಾಯಕವನ್ನು ನಿಲ್ಲಿಸಿ.

ಕಳೆದ ತಿಂಗಳು ಆ ಸೀಸೆ ಖಾಲಿಯಾಯಿತು. ಹೊಸದು ಬರುವುದು ತಡವೆಂದು ನನ್ನ ಸಹೋದ್ಯೋಗಿ, ಉಳಿದಿದ್ದ ಹಳೆಯ ರಕ್ತಗಳನ್ನು ಮತ್ತೆ ಪರೀಕ್ಷಿಸುವಾಗ, ಆಯಾ ರೋಗಿಯ ರಕ್ತದಿಂದಲೇ ಸಹಾಯಕದ ಜೀನ್ ತೆಗೆದು ಹಾಕಿದಳು. ಬಂದು, 'ನಿಮ್ಮಣ್ಣನ ತಟ್ಟೆ ಹೊಳೀತಾನೇ ಇಲ್ಲ ನೋಡಿ' ಎಂದಳು. ಅಣ್ಣನ ಸಹಾಯಕ ಹುಟ್ಟಿನಿಂದಲೇ ಮುರುಕು. ಅದು ರಿಸೆಪ್ಟರಿನ ಪಕ್ಕ ಬಂದು ನಿಲ್ಲುವುದೇ ಇಲ್ಲ. ಆ ಇಂಜೆಕ್ಷನ್ನನ್ನು ಜೀವಮಾನವಿಡೀ ಕೊಟ್ಟಿದ್ದರೂ ಅವನಿಗೆ ಹಸಿವಾಗುತ್ತಿರಲಿಲ್ಲ. ಅವನು ಹೇಳಿದ್ದೆಲ್ಲ ನಿಜ. ನಳಿಕೆ ಹಾಕಿಸಬೇಕಿತ್ತು. ಬೇಡ ಎಂದವಳು ನಾನು.

ಇನ್ನೂ ಒಂದಿದೆ. ಹೊಟ್ಟೆ ತುಂಬಿತು ಎಂದು ಮಿದುಳಿಗೆ ಹೇಳುವುದು ಬೇರೊಂದು ರಿಸೆಪ್ಟರ್. ಅದರ ಪಕ್ಕದಲ್ಲೂ ಇದೇ ಸಹಾಯಕ ನಿಲ್ಲಬೇಕು. ಚಿಕ್ಕಂದಿನಿಂದ ಎಷ್ಟು ತಿಂದರೂ ಅವನಿಗೆ ಸಾಕು ಎನಿಸದೇ ಇದ್ದದ್ದು ಅದಕ್ಕೇ ಇರಬೇಕು. ಜಠರ ಇದ್ದಾಗ ಖಾಲಿ ಹೊಟ್ಟೆಯ ಸಂಕಟವಾದರೂ ಅವನನ್ನು ತಟ್ಟೆಯ ಮುಂದೆ ಕೂರಿಸುತ್ತಿತ್ತು, ಆಪರೇಷನ್ ಆದ ಮೇಲೆ ಅದೂ ಇಲ್ಲದಾಯಿತು. ನಾವು ಅವನನ್ನು ಮೊದಲು ಹೊಟ್ಟೆಬಾಕ ಎಂದೆವು, ಆಮೇಲೆ ಹಠಮಾರಿ ಎಂದೆವು.

ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವ ಮುಖ ನನಗಿಲ್ಲ. ಆದರೆ ಇದೇ ಹನಿಯನ್ನು ಬೇರೆ ಲ್ಯಾಬುಗಳಲ್ಲೂ ಹಾಕುತ್ತಿದ್ದಾರೆ, ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು. ಅದಕ್ಕೆ ಇದನ್ನು ಪ್ರಕಟಿಸಬೇಕೆಂದಿದ್ದೇವೆ. ಹೆಸರು ಇರುವುದಿಲ್ಲ, ರೋಗಿ ಎಂದಷ್ಟೇ ಇರುತ್ತದೆ. ಅಣ್ಣನ ಬಗ್ಗೆ ಬರೆದ ಭಾಗವನ್ನು ಕನ್ನಡಕ್ಕೆ ಮಾಡಿ ಇದರ ಜೊತೆ ಇಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ. ನಿಮ್ಮ ಒಪ್ಪಿಗೆಯ ಸಹಿ ಇಲ್ಲದೆ ಒಂದು ಅಕ್ಷರವೂ ಹೊರಗೆ ಹೋಗುವುದಿಲ್ಲ.

ಪುಟ್ಟಿ

*

೨೮ ನವೆಂಬರ್

ನೀವು ಕಳಿಸಿದ್ದು ತಲುಪಿ ಬಹಳ ದಿನವಾಯಿತು. ಓದಿ ಇಸ್ತ್ರಿ ಮೇಜಿನ ಕೆಳಗೆ ಇಟ್ಟಿದ್ದೆ. ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಎಂದು ಬರೆದಿದ್ದೀರಿ, ಅದು ಸರಿಯಾದ ಮಾತು. ಸಹಿ ಹಾಕಿದ್ದೇನೆ. ಬೈದಾದರೂ ಬರೆಯಿರಿ ಎಂದು ಹಿಂದೊಮ್ಮೆ ಕೇಳಿದ್ದಿರಿ. ಬೈಯಲು ಹೊರಟರೆ ನಿಮ್ಮನ್ನು ಬೈದು ಮುಗಿಸಿ ನನ್ನ ಸರದಿ ಬರುತ್ತದೆ. ಅದಕ್ಕೇ ಬೈಯುತ್ತಿಲ್ಲ.

ತಪ್ಪಿದ್ದರೆ ತಿದ್ದಿ ಎಂದಿದ್ದೀರಿ. ಒಂದು ಕಡೆ ತಪ್ಪಿದೆ. 'ಶಸ್ತ್ರಚಿಕಿತ್ಸೆಯ ನಂತರ ಕೊನೆಯವರೆಗೆ ರೋಗಿಯು ಒಮ್ಮೆಯೂ ಹಸಿವಾಗುತ್ತಿದೆ ಎಂದು ಹೇಳಲಿಲ್ಲ' ಎಂದು ಬರೆದಿದ್ದೀರಿ. ಅದು ಸರಿಯಲ್ಲ. ಒಮ್ಮೆ ಹೇಳಿದರು.

ನಿಮ್ಮ ಮೇ ತಿಂಗಳ ಪತ್ರ ಬಂದ ಮೇಲೆ ನಾನು ಮಾತು ಬಿಟ್ಟೆ. ತಟ್ಟೆ ಇಡುತ್ತಿದ್ದೆ, ಎದ್ದು ಹೋಗುತ್ತಿದ್ದೆ. ಮೊದಲು ಅವರು ಏನೇನೋ ಕೇಳುತ್ತಿದ್ದರು. ಅಂಗಡಿಗೆ ಯಾರು ಬಂದಿದ್ದರು, ಯಾರ ಪ್ಯಾಂಟು ಉದ್ದವಾಯಿತು, ಎದುರು ಬಿಲ್ಡಿಂಗಿನ ಲಿಫ್ಟು ಮತ್ತೆ ನಿಂತಿತಂತೆ ಹೌದಾ ಎಂದು. ನಾನು ತುಟಿ ಬಿಚ್ಚಲಿಲ್ಲ. ಸ್ವಲ್ಪ ದಿನದ ಮೇಲೆ ಕೇಳುವುದನ್ನು ಬಿಟ್ಟು, ನಾನು ಕೋಣೆಯಲ್ಲಿ ಓಡಾಡುವುದನ್ನು ಮಲಗಿದಲ್ಲಿಂದಲೇ ನೋಡುತ್ತಿದ್ದರು. ನನಗೆ ಆ ನೋಟವೂ ನಾಟಕ ಎನಿಸುತ್ತಿತ್ತು.

ಅವರು ತೀರಿಹೋಗುವ ಹಿಂದಿನ ದಿನ ಮಧ್ಯಾಹ್ನ ಅಂಗಡಿಯ ಕೆಲಸವನ್ನು ಮನೆಗೆ ತಂದು ಯಂತ್ರದ ಮುಂದೆ ಕೂತಿದ್ದೆ. ಅವರ ಕಡೆ ನನ್ನ ಬೆನ್ನಿತ್ತು. 'ಏನೇ' ಎಂದರು. ದನಿ ಇಷ್ಟೇ ಇತ್ತು. 'ಹಸಿವಾಗ್ತಿದೆ ಕಣೇ. ಏನಾದ್ರೂ ಕೊಡ್ತೀಯಾ?'

ನಾನು ತುಳಿಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, 'ಜಾಸ್ತಿ ಬೇಡ, ಒಂದು ಚೂರು ಬ್ರೆಡ್ಡು ಸಾಕು' ಎಂದರು. ಕೊಟ್ಟರೆ ಮತ್ತೆ ಕರವಸ್ತ್ರಕ್ಕೆ ಹೋಗುತ್ತದೆ, ಇನ್ನು ಮೋಸ ಹೋಗುವುದಿಲ್ಲ ಎಂದುಕೊಂಡು ಹೊಲಿಯುತ್ತಲೇ ಇದ್ದೆ. ಅವರು ಮತ್ತೆ ಕೇಳಲಿಲ್ಲ.

ಇಷ್ಟು ದಿನ ನನ್ನನ್ನು ತಿನ್ನುತ್ತಿದ್ದದ್ದು ಒಂದೇ. ಕೊನೆಗೆ ಔಷಧಿ ಹಿಡಿದು ನಿಜವಾಗಿಯೂ ಹಸಿವಾಗಿತ್ತೇನೋ, ಹಸಿದವರಿಗೆ ಒಂದು ಚೂರು ಬ್ರೆಡ್ಡು ಕೊಡಲಿಲ್ಲವಲ್ಲ ಎಂದು. ಆ ಒಂದು ಪಾಪವನ್ನು ಹೇಗೋ ಹೊತ್ತುಕೊಂಡಿದ್ದೆ. ಈಗ ನಿಮ್ಮ ಪತ್ರ ಬಂತು. ಅವರಿಗೆ ಹಸಿವಾಗಲು ಸಾಧ್ಯವೇ ಇರಲಿಲ್ಲ ಎಂದು ಬರೆದಿದ್ದೀರಿ.

ಹಾಗಾದರೆ ಅವರಿಗೆ ಬೇಕಾಗಿದ್ದದ್ದು ಬ್ರೆಡ್ಡಲ್ಲ. ಅದನ್ನು ಕೇಳಿದರೆ ನಾನು ತಿರುಗಿ ನೋಡುತ್ತೇನೆ, ಒಂದು ಮಾತಾಡುತ್ತೇನೆ ಎಂದು ಕೇಳಿದರು. ಅಗಿದು ನುಂಗಲು ತಯಾರಾಗಿಯೇ ಕೇಳಿರಬೇಕು.

ಆ ಸಾಲನ್ನು ತಿದ್ದಿ. ರೋಗಿ ಒಮ್ಮೆ ಹಸಿವಾಗುತ್ತಿದೆ ಎಂದು ಹೇಳಿದರು, ಸುಳ್ಳು ಹೇಳಿದರು, ಹೆಂಡತಿ ತಿರುಗಿ ನೋಡಲಿಲ್ಲ ಎಂದು ಬರೆಯಿರಿ.